ಮೂರು ಕೆ.ಜಿ. ನೂರು ಗ್ರಾಂ

ಕಾರ್ಖಾನೆಯ ಗುಜರಿ ಕಬ್ಬಿಣ. ಸೆಲ್ವಿಯ ತಾತ
ಲೇತಿನ ಮೇಲೆ ಹಿಡಿದು ತಿರುವಿದ ಗುಂಡು.
ನ್ಯೂಟೌನಿನ ಕಿರಾಣಿ ತಕ್ಕಡಿಯಲ್ಲಿ ಇಟ್ಟರೆ
ಮೂರು ಕೆ.ಜಿ.ಯ ಮೇಲೆ ನೂರು ಗ್ರಾಂ.
ಅಂಗಡಿಯವ ನಕ್ಕ: "ಬೆಲ್ಲವೇನಮ್ಮ, ಒಡೆದು ಸರಿಮಾಡಲು?"
ಸೆಲ್ವಿ ನಗಲಿಲ್ಲ. ಯಾರದೋ ಕೂಸನ್ನು
ಸೊಂಟಕ್ಕೆ ಏರಿಸಿಕೊಂಡವಳ ಹಾಗೆ
ಒಂದು ಕಡೆ ವಾಲಿಕೊಂಡು ಮೈದಾನಕ್ಕೆ ಬಂದಳು.

ನಾನು ಪೀಟಿ ಮೇಷ್ಟ್ರು. ಕೊರಳಲ್ಲಿ ಸೀಟಿ,
ಕೈಯಲ್ಲಿ ಮನೆಮನೆಯಾಗಿ ಗೆರೆ ಎಳೆದ ರಿಜಿಸ್ಟರು:
ವೇಗಕ್ಕೊಂದು ಮನೆ, ಬಲಕ್ಕೊಂದು, ದಮ್ಮಿಗೊಂದು.
ಓಟದಲ್ಲಿ ಸೆಲ್ವಿ ಕೊನೆಯಿಂದ ಮೂರನೆಯವಳು.
ದಂಡ ಹೊಡಿ ಎಂದರೆ ನಾಲ್ಕಕ್ಕೇ ನೆಲ ಕಚ್ಚುವವಳು.
ಬಾಗಿ ಕಾಲ್ಬೆರಳು ಮುಟ್ಟು ಎಂದಾಗ ಮಾತ್ರ
ಎರಡೂ ಅಂಗೈ ನೆಲಕ್ಕೊತ್ತಿ, ತಲೆಕೆಳಗಾಗಿ ನನ್ನನ್ನೇ ನೋಡಿ
"ಇಷ್ಟು ಸಾಕಾ ಸಾರ್?" ಎಂದವಳು.

"ಕೈಯಿಂದ ಎಸೀಬೇಡ."
"ಮತ್ತೆ ಎಲ್ಲಿಂದ ಸಾರ್?"
"ಹಿಮ್ಮಡಿಯಿಂದ."
ಸಾಲಿಗೆ ಸಾಲೇ ಕಿಸಕ್ಕೆಂದಿತು.
ವಿವರಿಸಲು ನನಗೂ ಬರಲಿಲ್ಲ.

ಒಂದು ಸಂಜೆ ಗೇಟಿನೆದುರು
ಸಿಮೆಂಟು ಹೊತ್ತ ಲಗೇಜ್ ಆಟೋ ಕೆಸರಲ್ಲಿ ಹೂತಿತ್ತು.
ಹುಡುಗರು ತೋಳು ಚಾಚಿ ತಳ್ಳಿ ತಳ್ಳಿ ಸೋತರು.
ಸೆಲ್ವಿ ಚಪ್ಪಲಿ ಬಿಟ್ಟಳು. ಬೆನ್ನು ತಗ್ಗಿಸಿದಳು.
ಮೊದಲು ನೆಲವನ್ನು ಹಿಂದಕ್ಕೆ ಒದ್ದಳು,
ಆಮೇಲೆ ಮಂಡಿ ಬಿಚ್ಚಿತು, ಆಮೇಲೆ ಸೊಂಟ,
ಬೆನ್ನು ಒಂದೊಂದೇ ಮಣಿಯಾಗಿ ಎದ್ದಿತು.
ಕೈ ಬಂದದ್ದು ಎಲ್ಲಕ್ಕಿಂತ ಕೊನೆಗೆ,
ಕೆಲಸ ಮುಗಿದ ಮೇಲೆ ಸುದ್ದಿ ಹೇಳುವವನ ಹಾಗೆ.
ಆಟೋ ಹೋಯಿತು. ಕೆಸರಲ್ಲಿ
ಎರಡು ಹಿಮ್ಮಡಿ ಗುರುತು ಉಳಿದವು.
"ಇದೇ," ಎಂದೆ. "ಇದೇನಾ?" ಎಂದಳು.

ಅಂದಿನಿಂದ ಗುಂಡಿಗೆ ಮೀಟರು ಹೆಚ್ಚಿತು.
ನನಗೆ ಮಾತ್ರ ಕೊರಗು: ತೀರಾ ತಗ್ಗಾಗಿ ಬಿಡುತ್ತಾಳೆ.
ನಲವತ್ತೈದು ಡಿಗ್ರಿ ಎಂದು ಪುಸ್ತಕ ಹೇಳಿತ್ತು,
ಪುಸ್ತಕ ನೋಡಿ ನಾನೂ ಹೇಳಿದ್ದೆ.
ಎರಡು ಕೋಲಿಗೆ ಹುರಿ ಕಟ್ಟಿ, ಬಡಗಿಯ ಕೋನಮಾಪಕ ತಂದು,
"ಹುರಿಯ ಮೇಲಿಂದ ಹೋಗಲಿ" ಎಂದು ಕೂಗಿ ಕೂಗಿ
ಹನ್ನೊಂದು ದಿನ ಅವಳ ಎಸೆತ ಕೆಡಿಸಿದೆ.
ಗುಂಡು ಮೇಲೇರಿ, ಆಕಾಶಕ್ಕೊಂದು ನಮಸ್ಕಾರ ಹಾಕಿ
ಕಾಲ ಬುಡದಲ್ಲೇ ಬೀಳುತ್ತಿತ್ತು.

ಹನ್ನೆರಡನೇ ದಿನ ಹುರಿ ತರುವುದು ಮರೆತೆ.
ತಗ್ಗಾಗಿ, ಸಿಟ್ಟಿನಿಂದ, ತನ್ನ ಹಳೇ ದಾರಿಯಲ್ಲೇ ಬಿಟ್ಟಳು.
ಟೇಪು ಹಿಡಿದ ಹುಡುಗ ಎರಡು ಸಲ ಅಳೆದ.
ರಾತ್ರಿ ಊಟದ ತಟ್ಟೆಯ ಮುಂದೆ ಹೊಳೆಯಿತು:
ಪುಸ್ತಕ ಎಸೆಯುವುದು ನೆಲದಿಂದ,
ಸೆಲ್ವಿ ಎಸೆಯುವುದು ಭುಜದ ಮೇಲಿಂದ.
ಆ ಐದಡಿ ಎತ್ತರ ಅವಳು ಬೆಳೆದು ಗಳಿಸಿದ್ದು.
ಮರುದಿನ ಹೇಳಿದೆ, ನಂದೇ ತಪ್ಪು ಅಂತ.
ಅವಳು ಗುಂಡಿನ ಮಣ್ಣು ಒರೆಸುತ್ತಿದ್ದಳು.
"ಗೊತ್ತಿತ್ತು ಸಾರ್."

ಶಿವಮೊಗ್ಗ. ಜಿಲ್ಲಾ ಕೂಟ. ಸುಣ್ಣದ ವೃತ್ತ.
ಅವರು ಕೊಟ್ಟ ಗುಂಡು ನುಣ್ಣಗೆ, ಹೊಳಪಾಗಿ,
ಕರಾರುವಾಕ್ಕು ಮೂರೇ ಕೆ.ಜಿ.
ಕೈಯಲ್ಲಿ ಒಮ್ಮೆ ತೂಗಿ ನನ್ನತ್ತ ತಿರುಗಿದಳು,
ಯಾರೋ ಏನೋ ಕದ್ದಿದ್ದಾರೆ ಎಂಬಂತೆ.
ಆ ನೂರು ಗ್ರಾಂ! ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.
ಹಿಮ್ಮಡಿ ಒದೆಯಿತು, ಸೊಂಟ ತಿರುಗಿತು, ಗುಂಡು ಹಾರಿತು,
ಹಾರುತ್ತಲೇ ಇತ್ತು, ಕೊನೆಯ ಬಿಳಿಗೆರೆಯ ಆಚೆಗೆ.
ಆದರೆ ತಡೆಯಬೇಕಿದ್ದ ಭಾರ ಕೈಯಲ್ಲಿ ಇರಲಿಲ್ಲ.
ಮೈ ಗುಂಡಿನ ಹಿಂದೆಯೇ ಹೊರಟಿತು,
ಬಲಗಾಲು ಮರದ ಅಡ್ಡಪಟ್ಟಿ ದಾಟಿ
ಒಂದೇ ಒಂದು ಹೆಬ್ಬೆರಳಷ್ಟು.

ಕೆಂಪು ಬಾವುಟ.

ಉಳಿದೆರಡು ಎಸೆತ ಹೆದರಿ ಎಸೆದಳು. ನಾಲ್ಕನೇ ಸ್ಥಾನ.
ಬಹುಮಾನದ ಮೈಕು ಹೆಸರು ಕೂಗುವಾಗ
ಇಬ್ಬರೂ ಹೋಗಿ ಆ ಗುಂಡಿಯ ಮುಂದೆ ಕುಂತೆವು.
ಅಳೆಯದ ಗುಂಡಿ. ಅಂಚು ಇನ್ನೂ ಹಸಿ.
ನಾನು ಒಳಗೆ ಬೆರಳಿಟ್ಟು ಆಳ ನೋಡಿದೆ.
"ಸಾರ್," ಎಂದಳು,
"ಫೌಲಾದ್ರೂ ಮಣ್ಣು ಇಷ್ಟೇ ಆಳ ಹೋಗತ್ತಲ್ಲ?"

ಬಸ್ಸಿನಲ್ಲಿ ರಿಜಿಸ್ಟರು ತೆರೆದೆ.
ಸಮತೋಲದ ಮನೆ ಖಾಲಿ ಇತ್ತು.
ಅವಳ ಹೆಸರಿನೆದುರು ಬರೆದೆ: ತಕ್ಕಡಿ ತಪ್ಪು, ಮೇಷ್ಟ್ರದ್ದು.
ಭದ್ರಾವತಿ ಬರುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು,
ಬಲಗೈ ಅಂಗೈ ಮೇಲಾಗಿ, ಬೆರಳು ಅರೆಮಡಿಸಿ,
ಒಳಗೆ ಏನೋ ಇದೆ ಎಂಬಂತೆ.